ವೆಂಡೆಲ್ ರಸ್ಕ್ ಬಾಯಿ ಬಿಟ್ಟದ್ದು

ವೆಂಡೆಲ್ ರಸ್ಕ್‌ಗೂ ಮಾತಿಗೂ ಹುಟ್ಟಿನಿಂದಲೇ ಆಗಿಬರದು. ನ್ಯೂ ಮೆಕ್ಸಿಕೋದ ಬಟಾಬಯಲಿನಲ್ಲಿ ಗ್ಯಾಸ್ ಲಾರಿ ಓಡಿಸುವುದು ಅವನ ಕೆಲಸ. ಒಂದೊಂದು ಒಂಟಿ ಮನೆಗೂ ಹೋಗಿ, ಹಿತ್ತಲಿನ ಟ್ಯಾಂಕು ತುಂಬಿಸಿ, ಟೋಪಿಯ ಅಂಚು ಮುಟ್ಟಿ ಹೊರಟನೆಂದರೆ ಅಲ್ಲಿಗೆ ಅವನ ಆ ದಿನದ ಭಾಷಣ ಮುಗಿಯಿತು. ಮದುವೆಯಾದ ಹೊಸತರಲ್ಲಿ ಹೆಂಡತಿ ಮಾರ್ಲಾ, ಪಾಪ, ಗಂಡನಿಗೆ ಕಿವಿ ಕೇಳಿಸುವುದಿಲ್ಲ ಅಂದುಕೊಂಡು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದಳಂತೆ. ಅವರು ಪರೀಕ್ಷೆ ಮಾಡಿ, "ಕಿವಿ ಚೆನ್ನಾಗಿದೆ ತಾಯಿ, ಬಾಯಿ ಮಾತ್ರ ನನ್ನ ಕೈಲಾಗಲ್ಲ" ಅಂದರಂತೆ.

ಇಂಥವನು ಮೂರು ದಿನದ ಕಾರ್ಬೈನ್ ತರಬೇತಿ ಶಿಬಿರಕ್ಕೆ ಹೊರಟಿದ್ದ. ಕಾರ್ಬೈನ್ ಅಂದರೆ ಗಿಡ್ಡ ನಳಿಗೆಯ ರೈಫಲ್ಲು. ಪೊಲೀಸರಿಗೆ ಫೋನ್ ಮಾಡಿದರೆ ಅವರು ಬರುವಷ್ಟರಲ್ಲಿ ಊಟ ಮಾಡಿ ನಿದ್ದೆ ತೆಗೆಯಬಹುದಾದ ಆ ಸೀಮೆಯಲ್ಲಿ ಮನೆಗೊಂದು ಇದ್ದೇ ಇರುತ್ತದೆ. ಪಿಕಪ್ಪಿನಲ್ಲಿ ಪಕ್ಕಕ್ಕೆ ಮಗಳು ಡಾರ್ಸಿ ಕೂತಿದ್ದಳು. ಹತ್ತೊಂಬತ್ತರ ಹುಡುಗಿ, ದನಕರುಗಳ ಡಾಕ್ಟರ ಹತ್ತಿರ ಕೆಲಸಕ್ಕಿದ್ದಾಳೆ. ಅಪ್ಪ ಆಡದೆ ಉಳಿಸಿದ ಮಾತೆಲ್ಲ ಮಗಳ ಪಾಲಿಗೆ ಬಂದಿತ್ತು ಅಂತ ಕಾಣುತ್ತದೆ.

"ಅಪ್ಪಾ, ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ಮುಖ ಊದಿಸ್ಕೊಂಡು ಕೂತ್ಕೋಬೇಡ" ಅಂದಳು. "ಈ ಶಿಬಿರ ಹುಡುಕಿದ್ದು ನಾನು, ನಿನ್ನ ಹೊರಡಿಸಿದ್ದೂ ನಾನು. ಮುಗಿದ್ಮೇಲೆ ಹೇಳ್ತೀನಿ, ಮನೆಗೆ ವಾಪಸ್ ಬರ್ತೀನೋ, ಚಿಕ್ಕಮ್ಮನ ಮನೇಲೇ ಉಳ್ಕೋತೀನೋ ಅಂತ. ಅರ್ಥ ಆಯ್ತಾ?"

ವೆಂಡೆಲ್ ತಲೆಯಾಡಿಸಿದ.

"ನೋಡು, ಮತ್ತೆ ತಲೆ!" ಅಂದು ಡಾರ್ಸಿ ಕಿಟಕಿ ಕಡೆ ತಿರುಗಿದಳು.

ಫೆಬ್ರವರಿಯಲ್ಲಿ ಆದದ್ದಿಷ್ಟು. ಆ ವಾರ ಆಚೆ ಮನೆಯವರ ಬೀಗ ಒಡೆದು ಕಳ್ಳರು ನುಗ್ಗಿದ್ದರು. ಮಾರ್ಲಾ ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿಗೆ ಹೋಗಿದ್ದಳು. ಗೆಳತಿಯ ಮನೆಯಲ್ಲಿ ಉಳಿಯುತ್ತೇನೆ ಅಂದಿದ್ದ ಡಾರ್ಸಿ ಮನಸ್ಸು ಬದಲಾಯಿಸಿ, ಎರಡು ಕೈಯಲ್ಲೂ ದಿನಸಿ ಚೀಲ ಹಿಡಿದು ಮುಸ್ಸಂಜೆ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಒಳಗೆ ಬಂದಳು. ಆ ಬಾಗಿಲ ಮೇಲಿನ ಬಲ್ಬು ಸುಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಒಳಗಿನ ಸ್ವಿಚ್ಚು ಒತ್ತಿ ನೋಡುತ್ತಾಳೆ, ಓಣಿಯ ತುದಿಯಲ್ಲಿ ಅಪ್ಪ ನಿಂತಿದ್ದಾನೆ, ಕಾರ್ಬೈನಿನ ಬಾಯಿ ಅವಳ ಎದೆಗೆ ನೆಟ್ಟಿದೆ, ಬೆರಳು ಟ್ರಿಗರ್ ಮೇಲಿದೆ. ಚೀಲ ಕೈಜಾರಿ ಈರುಳ್ಳಿಯೆಲ್ಲ ಉರುಳಿಹೋಯಿತು. ವೆಂಡೆಲ್ ಬಂದೂಕು ಇಳಿಸಿದ. ಮಂಡಿಯೂರಿ ಒಂದೊಂದೇ ಈರುಳ್ಳಿ ಆರಿಸಿ ಚೀಲಕ್ಕೆ ಹಾಕಿದ, ಚೀಲವನ್ನು ಮೇಜಿನ ಮೇಲಿಟ್ಟ, ಬಂದೂಕನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿ ಶೆಡ್ಡಿಗೆ ಹೋದ. ಒಂದು ಮಾತು, ಒಂದೇ ಒಂದು ಮಾತು ಆಡಲಿಲ್ಲ ಪುಣ್ಯಾತ್ಮ. ಬೆಳಗಾದ ಮೇಲೆ ಡಾರ್ಸಿ ಬಟ್ಟೆ ತುಂಬಿಕೊಂಡು ಪಟ್ಟಣಕ್ಕೆ, ಚಿಕ್ಕಮ್ಮನ ಮನೆಗೆ ಹೊರಟುಹೋದಳು.

ಶಿಬಿರ ನಡೆಯುವುದು ಹಳೇ ಜಲ್ಲಿ ಕ್ವಾರಿಯೊಂದರಲ್ಲಿ. ಮೂರು ಕಡೆ ಮಣ್ಣಿನ ಗೋಡೆ, ಮೇಲೆ ಆಕಾಶ, ಸುತ್ತ ಗಾಳಿ. ಕಲಿಸುವಾಕೆ ವೆರ್ಲಾ ಸ್ಟ್ರೌಡ್, ಷೆರಿಫ್ ಕಚೇರಿಯಲ್ಲಿ, ಅಂದರೆ ಆ ಸೀಮೆಯ ಪೊಲೀಸಿನಲ್ಲಿ, ಡೆಪ್ಯುಟಿಯಾಗಿ ದುಡಿದು ನಿವೃತ್ತಳಾದ ಹೆಂಗಸು. ಸಣಕಲು ಮೈ, ಬಿಳಿ ಜಡೆ, ಸದಾ ಬಾಯಲ್ಲಿ ಸೂರ್ಯಕಾಂತಿ ಬೀಜ. ಅವಳು ಎಲ್ಲರನ್ನೂ ಸುತ್ತ ನಿಲ್ಲಿಸಿ ಮೊದಲು ಕೇಳಿದ್ದು, ಯಾರಿಗಾದರೂ ಗುಂಡು ತಗುಲಿದರೆ ರಕ್ತ ನಿಲ್ಲಿಸುವವರು ಯಾರು ಅಂತ. ಡಾರ್ಸಿ ಕೈಯೆತ್ತಿದಳು.

"ಪಟ್ಟಿ ಕಟ್ಟಿ ಅಭ್ಯಾಸ ಇದೆ ಮೇಡಮ್. ಆದ್ರೆ ದನಗಳಿಗೆ."

"ಸಾಕು ಬಿಡು. ಇಲ್ಲಿ ಬಂದಿರೋರ್ನ ನೋಡಿದ್ರೆ ಅಂಥಾ ವ್ಯತ್ಯಾಸ ಏನಿಲ್ಲ" ಅಂದಳು ವೆರ್ಲಾ.

ಆಮೇಲೆ ಯಾಕೆ ಬಂದಿರಿ ಅಂತ ಒಬ್ಬೊಬ್ಬರನ್ನೇ ಕೇಳಿದಳು. ಹಳೇ ಕಾರು ಮಾರುವ ಬಕ್ ಲೂಮಿಸ್ ಅಂತೊಬ್ಬ ಬಂದಿದ್ದ. ಮೈತುಂಬ ಪಟ್ಟಿ, ಕೊಕ್ಕೆ, ಚೀಲ ತೂಗುಹಾಕಿಕೊಂಡು ಮದುವೆ ಹೆಣ್ಣಿನ ಹಾಗೆ ಸಿಂಗಾರಗೊಂಡಿದ್ದ. ದೇಶ, ಕುಟುಂಬ, ಧೈರ್ಯ ಅಂತ ಅವನು ಉದ್ದಕ್ಕೆ ಎಳೆದ. ವೆಂಡೆಲ್ ಸರದಿ ಬಂದಾಗ "ಕಲಿಯೋಕೆ" ಅಂದು ನೆಲ ನೋಡಿದ.

"ನೀನು?" ಅಂತ ಡಾರ್ಸಿಯನ್ನು ಕೇಳಿದಳು ವೆರ್ಲಾ.

"ನಮ್ಮಪ್ಪ ಮಾತಾಡೋದನ್ನ ಕೇಳೋಕೆ."

ಎಲ್ಲರೂ ಹೋ ಅಂತ ನಕ್ಕರು. ವೆರ್ಲಾ ನಗಲಿಲ್ಲ, ಬೀಜದ ಸಿಪ್ಪೆ ಉಗಿದು ಅಪ್ಪ ಮಗಳನ್ನು ಒಮ್ಮೆ ನೋಡಿದಳು ಅಷ್ಟೆ.

ಆ ದಿನ ಮಧ್ಯಾಹ್ನದವರೆಗೂ ವೆಂಡೆಲ್‌ನದೇ ದರಬಾರು. ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಯಲ್ಲಿ ಕೂದಲು ನರೆಸಿಕೊಂಡವನು ಅವನು, ಗುರಿಯ ಬಗ್ಗೆ ಅವನಿಗೆ ಯಾರು ಹೇಳಿಕೊಡಬೇಕು? ಹೊಡೆದ ಗುಂಡುಗಳೆಲ್ಲ ಒಂದು ಬೆಳ್ಳಿ ನಾಣ್ಯದಡಿ ಮುಚ್ಚಿಡುವಷ್ಟು ಜಾಗದಲ್ಲಿ ಬಿದ್ದಿದ್ದವು. ಬಕ್ ಲೂಮಿಸ್ ಹತ್ತಿರ ಬಂದು ಕಾಗದ ನೋಡಿ ಶಿಳ್ಳೆ ಹಾಕಿದ. ಮಗಳು ನೋಡುತ್ತಿದ್ದಾಳಾ ಅಂತ ವೆಂಡೆಲ್ ಕಳ್ಳಗಣ್ಣಿನಲ್ಲಿ ನೋಡಿದ. ಅವಳು ತನ್ನ ಮ್ಯಾಗಜೀನಿಗೆ ಗುಂಡು ತುಂಬುತ್ತಿದ್ದಳು, ತಲೆಯೆತ್ತಲಿಲ್ಲ.

ಊಟವಾದ ಮೇಲೆ ವೆರ್ಲಾ ಹೇಳಿದಳು. "ಗುರಿ ಹೊಡೆಯೋಕೆ ಅಂಗಡೀಲಿ ಸಿಗೋ ಕಾಗದದ ಗೊಂಬೆ ನೋಡಿದೀರಲ್ಲ? ಕೈ ಇರಲ್ಲ, ಮುಖ ಇರಲ್ಲ, ಬರೀ ಕಪ್ಪು ನೆರಳು. ಅದಕ್ಕೆ ಹೊಡೆದು ಹೊಡೆದು ನಾವೆಲ್ಲ ಕೆಟ್ಟಿರೋದು. ನನ್ನ ಗೊಂಬೆಗಳಿಗೆ ಕೈ ಇದೆ. ನಾಲ್ಕು ನಿಲ್ಸಿದೀನಿ, ಬೆನ್ನು ತೋರಿಸ್ಕೊಂಡ್ ನಿಂತಿದಾರೆ. ಲೂಮಿಸ್, ಆ ಪೆಟ್ಟಿಗೇಲಿರೋದನ್ನ ಅವರ ಕೈಗೆ ಸಿಗ್ಸಿ ಬಂದು ಹಗ್ಗ ಎಳಿ. ಯಾರ ಕೈಲಿ ಏನಿಟ್ಟಿದೀಯ ಅಂತ ನನಗೆ ಹೇಳ್ಬೇಡ."

ವೆರ್ಲಾ ಒಂದು ಪೀಪಾಯಿಯ ಹಿಂದೆ ಮೈ ಮರೆಮಾಡಿ, ನಳಿಗೆ ನೆಲಕ್ಕಿಟ್ಟು ನಿಂತಳು. ಬಕ್ ಹಗ್ಗ ಎಳೆದ. ಗೊಂಬೆಗಳು ಗರ್ರನೆ ತಿರುಗಿದವು. ಅಬ್ಬಾ, ಆ ಸಣಕಲು ಮೈಯಿಂದ ಅಂಥ ದನಿ ಎಲ್ಲಿಂದ ಬಂತೋ! ಕ್ವಾರಿಯ ಮೂರೂ ಗೋಡೆಗೆ ಬಡಿದು ತಿರುಗಿ ಬರುವ ದನಿ, ಆದರೆ ಅದರಲ್ಲಿ ಸಿಟ್ಟೇ ಇಲ್ಲ.

"ಯಾರದು ಅಲ್ಲಿ? ಕೈ ತೋರ್ಸಿ, ಎಲ್ರೂ! ಫೋನ್ ಇಟ್ಕೊಂಡಿರೋರು ಅಲ್ಲೇ ಕೂತ್ಕೊಳ್ಳಿ. ಕಾಫಿ ಲೋಟದವರೇ, ಗೋಡೆ ಕಡೆ ಹೋಗಿ. ತಮ್ಮಾ, ಚಾಕು ಕೆಳಗೆ ಹಾಕು, ಹಾಕ್ತೀಯ ಅಂತ ನಂಗೊತ್ತು, ಯಾರೂ ನಿನ್ನ ಹೊಡೆಯಲ್ಲ..."

ಆ ಮಾತಿನ ನಡುವೆಯೇ ಬಂದೂಕು ಒಮ್ಮೆ, ಒಂದೇ ಸಲ, ಸಿಡಿಯಿತು. ಮಾತು ಮಾತ್ರ ಎಲ್ಲೂ ತಡವರಿಸಲಿಲ್ಲ. ಪಿಸ್ತೂಲು ಹಿಡಿದ ಗೊಂಬೆಯ ಎದೆಯಲ್ಲಿ ತೂತು ಬಿದ್ದಿತ್ತು, ಉಳಿದ ಮೂರು ಹಾಗೇ ನಿಂತಿದ್ದವು.

ಬಕ್ ಲೂಮಿಸ್ ಕೇಳಿದ. "ಚಾಕುವಿನವನು, ಮೇಡಮ್? ಅವನನ್ನ ಯಾಕೆ ಬಿಟ್ರಿ?"

"ಅವನು ದೂರ ಇದ್ದ. ನಾನಿನ್ನೂ ಅವನ ಹತ್ರ ಮಾತಾಡ್ತಾ ಇದ್ದೆನಲ್ಲ" ಅಂದಳು ವೆರ್ಲಾ.

ವೆಂಡೆಲ್‌ಗೆ ಮೈ ಜುಮ್ಮೆಂದಿತು. ದೂರದ ಎಲ್ಕನ್ನು ಗಾಳಿ ಲೆಕ್ಕ ಹಾಕಿ ಬೀಳಿಸಿದವರನ್ನು ಅವನು ಕಂಡಿದ್ದ, ತಾನೂ ಬೀಳಿಸಿದ್ದ. ಆದರೆ ಹೊಡೆಯದೆ ಬಿಟ್ಟದ್ದನ್ನು ನೋಡಿ ಬೆರಗಾದದ್ದು ಇದೇ ಮೊದಲು. ಈ ಮುದುಕಿ ಮೂರು ಜನರನ್ನು ಬರೀ ಬಾಯಿಂದ ಬದುಕಿಸಿದ್ದಳು. ಅವನಿಗೆ ಅವಳ ಕಾಲು ಮುಟ್ಟಬೇಕು ಅನ್ನಿಸಿತು, ಅದು ಆ ಕಡೆಯವರ ರೂಢಿಯಲ್ಲದ ಕಾರಣ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಆಮೇಲೆ ಒಬ್ಬೊಬ್ಬರೂ ಕೂಗಬೇಕಿತ್ತು. ದೊಡ್ಡ ದೊಡ್ಡ ಮೀಸೆಯ ಗಂಡಸರು ಕಾಗದದ ಮುಂದೆ ನಿಂತು ನಾಚಿ ನೀರಾದರು. ಆದರೂ ಹೇಗೋ ಕೂಗಿದರು. ಡಾರ್ಸಿಯಂತೂ ಎರಡು ಕಣಿವೆ ದಾಟಿ ಕೇಳಿಸುವ ಹಾಗೆ ಕೂಗಿದಳು. ವೆಂಡೆಲ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಗಂಟಲಿನಿಂದ ಹೊರಟದ್ದು ಗಾಳಿ ಮಾತ್ರ. ಅವನ ಕತ್ತೆಲ್ಲ ಕೆಂಪಾಯಿತು.

"ಮಿಸ್ಟರ್ ರಸ್ಕ್, ನಿಮ್ಮ ಕೈ ಬಂಗಾರ" ಅಂದಳು ವೆರ್ಲಾ. "ಬಾಯಿ ಮಾತ್ರ ಮನೇಲಿ ಬಿಟ್ಟು ಬಂದಿದೀರಿ."

ಮರುದಿನ ಜೋಡಿ ಕೆಲಸ. ಅಪ್ಪ ಮಗಳನ್ನೇ ವೆರ್ಲಾ ಒಂದು ಜೋಡಿ ಮಾಡಿದಳು. ಆಟದ ನಿಯಮ ಸುಲಭ. ಇಬ್ಬರೂ ಬೇರೆ ಬೇರೆ ಪೀಪಾಯಿಗಳ ಹಿಂದೆ ಇರಬೇಕು. ಒಬ್ಬರು ಮುಂದೆ ಓಡಬೇಕಾದರೆ "ಹೋಗ್ತಿದೀನಿ!" ಅಂತ ಕೂಗಬೇಕು. ಇನ್ನೊಬ್ಬರು ಗುರಿಯ ಮೇಲೆ ಕಣ್ಣಿಟ್ಟು "ಹೋಗು!" ಅನ್ನಬೇಕು. ಆ ಉತ್ತರ ಬರುವ ತನಕ ಮೊದಲಿನವರು ಕದಲಕೂಡದು. ಓಡುವವರು ಅಡ್ಡ ಬಂದಾಗ ಕಾಯುವವರ ನಳಿಗೆ ನೆಲಕ್ಕೆ ಇಳಿದಿರಬೇಕು. ಬೆನ್ನ ಹಿಂದೆ ತುಂಬಿದ ಬಂದೂಕು ಇದ್ದಾಗ ನಂಬುವುದಕ್ಕೆ ಇರುವುದು ಆ ಒಂದು ಮಾತು ಮಾತ್ರ.

"ಹೋಗ್ತಿದೀನಿ!" ಡಾರ್ಸಿ ಕೂಗಿದಳು.

ವೆಂಡೆಲ್ ಜೋರಾಗಿ ತಲೆಯಾಡಿಸಿದ.

"ಹೋಗ್ತಿದೀನಿ!"

ಇನ್ನೂ ಜೋರಾಗಿ ಆಡಿಸಿದ. ಮುಂದೆ ನೋಡಿಕೊಂಡು ಕೂತ ಹುಡುಗಿಗೆ ಅದು ಕಾಣುವುದಾದರೂ ಹೇಗೆ? ಅವಳು ಪೀಪಾಯಿಯ ಹಿಂದೆ ಮಂಡಿಯೂರಿಕೊಂಡೇ ಇದ್ದಳು. ಗಾಳಿ ಬೀಸಿತು, ಧೂಳೆದ್ದಿತು. ಹಿಂದೆ ನಿಂತವರು ಮುಖ ಮುಖ ನೋಡಿಕೊಂಡರು. ಡಾರ್ಸಿ ಟ್ರಿಗರ್ ತಡೆಯುವ ಸೇಫ್ಟಿ ಹಾಕಿ, ಬಂದೂಕು ನೆಲಕ್ಕಿಟ್ಟು, ಎದ್ದು ನಿಂತಳು.

"ನಿನ್ನ ತಲೆ ಆಡಿದ್ದು ನನ್ನ ಬೆನ್ನಿಗೆ ಕಾಣ್ಬೇಕಾ ಅಪ್ಪಾ? ಅವತ್ತೂ ಹಿಂಗೇ! ಯಾರದು ಅಂತ ಒಂದ್ ಮಾತು ಕೇಳಿದ್ರೆ ನಾನು ಅಂತ ಹೇಳ್ತಿದ್ದೆ. ಆಮೇಲಾದ್ರೂ ಒಂದ್ ಮಾತು ಹೇಳಿದ್ರೆ ನಾನು ಮನೆ ಬಿಟ್ಟು ಹೋಗ್ತಿದ್ನಾ? ಈರುಳ್ಳಿ ಆರಿಸಿದೆ! ನಿನಗೆ ನನಗಿಂತ ಆ ಈರುಳ್ಳಿ ಹೆಚ್ಚಾಯ್ತು!"

"ಎಲ್ಲ ನಿಲ್ಸಿ! ಬಂದೂಕು ಖಾಲಿ ಮಾಡಿ!" ವೆರ್ಲಾ ಕೂಗಿದಳು. "ಊಟ ಮಾಡೋಣ."

ಪಿಕಪ್ಪಿನ ಹಿಂಬದಿಯಲ್ಲಿ ಕೂತು ವೆಂಡೆಲ್ ಬರೀಟೊ ಅನ್ನುವ ರೊಟ್ಟಿ ಸುರುಳಿ ಬಿಚ್ಚಿದ. ಅದರೊಳಗಿನ ಹಸಿಮೆಣಸಿನಕಾಯಿಯ ಘಾಟಿಗೆ ಕಣ್ಣು ಉರಿಯುತ್ತಿದೆ ಅಂತ ತನಗೆ ತಾನೇ ಹೇಳಿಕೊಂಡ. ವೆರ್ಲಾ ಬಂದು ಪಕ್ಕದಲ್ಲಿ ಕೂತು ಬೀಜದ ಪೊಟ್ಟಣ ಮುಂದೆ ಹಿಡಿದಳು. "ಏನಾಯ್ತು ಅವತ್ತು?" ಅಂದಳು.

"ಕಳ್ಳ ಅಂದ್ಕೊಂಡೆ ಮೇಡಮ್. ಮಗಳು ಬಂದಿದ್ಲು. ಬೆರಳು ಟ್ರಿಗರ್ ಮೇಲಿತ್ತು." ಅಷ್ಟು ಹೇಳುವುದರೊಳಗೆ ಬರೀಟೊ ಅವನ ಕೈಜಾರಿ ಕೆಳಗೆ ಬಿತ್ತು.

"ಯಾರು ಅಂತ ಯಾಕೆ ಕೇಳ್ಲಿಲ್ಲ?"

"ಬಾಯಿ ಬಿಟ್ರೆ ನಾನೆಲ್ಲಿದೀನಿ ಅಂತ ಗೊತ್ತಾಗ್ಬಿಡುತ್ತಲ್ಲ. ಬೇಟೇಲಿ ಕೆಮ್ಮೋ ಹಾಗೂ ಇಲ್ಲ. ನಮ್ಮಪ್ಪ ಹಾಗೇ ಕಲಿಸಿದ್ದು."

ವೆರ್ಲಾ ಬೀಜದ ಸಿಪ್ಪೆ ಉಗಿದಳು. "ಎಲ್ಕು ಉತ್ತರ ಕೊಡಲ್ಲ ಮಿಸ್ಟರ್ ರಸ್ಕ್. ಮಗಳು ಕೊಡ್ತಾಳೆ" ಅಂದಳು. "ಮನೇನ ಕಾಡು ಮಾಡ್ಕೊಂಡ್ಬಿಟ್ಟಿದೀರಿ ನೀವು. ಈಗ ಎದ್ದು ಹೋಗಿ, ಆ ಹುಡುಗಿ ಕೇಳಿದ್ದಕ್ಕೆ ಒಂದು ಉತ್ತರ ಕೊಡಿ. ಸಂಗೀತ ಯಾರೂ ಕೇಳ್ತಿಲ್ಲ, ಒಂದೇ ಮಾತು."

ಮತ್ತೆ ಪೀಪಾಯಿಗಳ ಹಿಂದೆ ಕೂತರು. "ಹೋಗ್ತಿದೀನಿ!" ಅಂದಳು ಡಾರ್ಸಿ. ಅವಳ ದನಿಯಲ್ಲಿ ಆಸೆಯೇನೂ ಉಳಿದಂತಿರಲಿಲ್ಲ.

"ಹೋಗು!"

ತುಕ್ಕು ಹಿಡಿದ ಗೇಟು ತೆರೆದ ಹಾಗೆ ಕಿರ್ರೆಂದಿತು ಆ ದನಿ. ಆದರೂ ದನಿ ದನಿಯೇ. ಡಾರ್ಸಿ ಒಂದು ಕ್ಷಣ ಹಿಂದಿರುಗಿ ನೋಡಹೊರಟು, ನೋಡದೆ, ಎದ್ದು ಓಡಿದಳು. ಅವಳು ಅಡ್ಡ ಬಂದ ಕೂಡಲೇ ವೆಂಡೆಲ್‌ನ ನಳಿಗೆ ನೆಲಕ್ಕಿಳಿಯಿತು. ಬಿಸಿಲಿನಲ್ಲಿ ಧೂಳೆಬ್ಬಿಸುತ್ತ ಓಡುವ ಮಗಳನ್ನು ಅವನು ನೋಡಿದ. ತನ್ನ ಒಂದು ಮಾತಿಗೆ ಈ ಹುಡುಗಿ ಬೆನ್ನು ತೋರಿಸಿ ಓಡುತ್ತಾಳಲ್ಲ, ಅದೇ ಬಂದೂಕಿಗೆ, ಅದೇ ಕೈಗೆ! ಇದಕ್ಕಿಂತ ದೊಡ್ಡ ಅಚ್ಚರಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಆ ಮಧ್ಯಾಹ್ನವೆಲ್ಲ ಇಬ್ಬರೂ ಕೂಗಿದರು, ಓಡಿದರು, ಸಂಜೆಗೆ ವೆಂಡೆಲ್‌ನ ಗಂಟಲು ಕಟ್ಟಿತ್ತು. ಅಷ್ಟು ಮಾತಾಡಿದ್ದು ತನ್ನ ಮದುವೆಯಲ್ಲೂ ಇಲ್ಲ ಅಂದುಕೊಂಡ. ಡಾರ್ಸಿ ಮಾತ್ರ ಮನೆಯ ವಿಷಯ ಎತ್ತಲೇ ಇಲ್ಲ.

ಕೊನೆಯ ದಿನದ ಪರೀಕ್ಷೆ ಟೈರ್ ಮನೆಯಲ್ಲಿ. ಹಳೇ ಟೈರುಗಳಿಗೆ ಮಣ್ಣು ತುಂಬಿ ಪೇರಿಸಿ ಕಟ್ಟಿದ ಮನೆ ಅದು. ಗೋಡೆಗಳುಂಟು, ಓಣಿಯುಂಟು, ಸೂರಿಲ್ಲ. ಗುಂಡು ಗೋಡೆ ದಾಟುವುದಿಲ್ಲ. ವೆಂಡೆಲ್ ಮುಂದೆ, ಅವನ ಹಿಂದೆ ನಳಿಗೆ ನೆಲಕ್ಕಿಟ್ಟುಕೊಂಡು ಡಾರ್ಸಿ, ಅವರ ಬೆನ್ನಿಗೇ ಅಂಟಿಕೊಂಡು ವೆರ್ಲಾ. ಉಳಿದವರೆಲ್ಲ ಹೊರಗೆ ನಿಂತು ಕಿವಿಗೊಟ್ಟಿದ್ದರು. ಮೊದಲ ಕೋಣೆಯಲ್ಲಿ ಮಗು ಎತ್ತಿಕೊಂಡ ಹೆಂಗಸಿನ ಗೊಂಬೆ. "ಗೋಡೆ ಕಡೆ ಹೋಗಿ!" ಅಂದ ವೆಂಡೆಲ್, ಬೆರಳು ಟ್ರಿಗರ್ ಮುಟ್ಟದೆ ನೆಟ್ಟಗೆ ಹೊರಗೇ ಇತ್ತು. ಎರಡನೆಯದರಲ್ಲಿ ಪಿಸ್ತೂಲು ಹಿಡಿದವನು. ಕೈ ಕಂಡಿತು, ಬಂದೂಕು ಸಿಡಿಯಿತು, ಮುಗಿಯಿತು. ವೆರ್ಲಾ ಅವನ ಹೆಗಲು ತಟ್ಟಿ ಮುಂದೆ ನಡೆಸಿದಳು.

ಕೊನೆಯ ಕೋಣೆಯ ಮೇಲೆ ಟಾರ್ಪಾಲು ಹೊದಿಸಿದ್ದರು. ಒಳಗೆ ಮಬ್ಬುಗತ್ತಲೆ. ಓಣಿಯ ತುದಿಯಲ್ಲೊಂದು ಬಾಗಿಲು, ಬಾಗಿಲಲ್ಲೊಂದು ಆಕಾರ. ವೆಂಡೆಲ್‌ನ ಕಾಲು ನೆಲಕ್ಕೆ ಕಚ್ಚಿಕೊಂಡಿತು. ಅದೇ ಓಣಿ. ಅದೇ ಮುಸ್ಸಂಜೆ. ಸುಮ್ಮನಿರು, ಸುಮ್ಮನಿರು ಅಂತ ಅಪ್ಪ ಕಲಿಸಿದ್ದೆಲ್ಲ ಒಳಗಿನಿಂದ ಎದ್ದು ಬಾಯಿ ಹಿಡಿಯಿತು.

"ಯಾರದು?" ಅಂದ ವೆಂಡೆಲ್. ಅವನ ದನಿ ಟೈರು ಗೋಡೆಗಳ ನಡುವೆ ಗುಡುಗಿತು. "ಕೈ ತೋರ್ಸು!"

ಕಾಗದ ಏನು ಉತ್ತರ ಕೊಟ್ಟೀತು? ಆಕಾರ ಹಾಗೇ ನಿಂತಿತ್ತು. ವೆಂಡೆಲ್ ಹೊಡೆಯಲಿಲ್ಲ, ಮುಂದೆಯೂ ಹೋಗಲಿಲ್ಲ. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಬಿತ್ತು.

"ಯಾರದು ಅಂತ ಕೇಳ್ತಿದೀನಿ! ಹೇಳಿ! ಯಾರಾದ್ರೂ ಸರಿ, ಹೇಳಿ!"

ಆಗ ಬೆನ್ನ ಹಿಂದಿನಿಂದ ಒಂದು ಸಣ್ಣ ದನಿ ಬಂತು.

"ನಾನು ಅಪ್ಪಾ."

ಡಾರ್ಸಿ ಆ ಕಾಗದದ ಪರವಾಗಿ ಉತ್ತರ ಕೊಟ್ಟಿದ್ದಳು. ಫೆಬ್ರವರಿಯಲ್ಲಿ ಕೊಡಬೇಕಿದ್ದ ಉತ್ತರ ಅದು.

ವೆಂಡೆಲ್ ಸೇಫ್ಟಿ ಹಾಕಿದ. ನಳಿಗೆ ಇಳಿಸಿ, ಗುಂಡು ತೆಗೆದು, ಬಂದೂಕನ್ನು ವೆರ್ಲಾಳ ಕೈಗೆ ಕೊಟ್ಟ. ಆಮೇಲೆ ಅಷ್ಟೆತ್ತರದ ಗಂಡಸು ಮಗಳ ಕಡೆ ತಿರುಗಿ ಗೊಳೋ ಅಂತ ಅತ್ತುಬಿಟ್ಟ.

"ತಪ್ಪಾಯ್ತು ಮಗಳೇ. ನಿನ್ನ ಕೊಂದೇಬಿಡ್ತಿದ್ದೆ. ಏನಂತ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಈರುಳ್ಳಿ ಆರಿಸ್ದೆ. ಬೇರೇನೂ ತೋಚಲಿಲ್ಲ ಕಣೇ."

ಡಾರ್ಸಿ ಅವನ ತೋಳು ಹಿಡಿದುಕೊಂಡಳು. ಹೊರಗಿದ್ದವರಿಗೆಲ್ಲ ಪ್ರತಿಯೊಂದೂ ಕೇಳಿಸಿತ್ತು. ಬಕ್ ಲೂಮಿಸ್ ತನ್ನ ಅಷ್ಟೂ ಚೀಲಗಳಲ್ಲಿ ಕರವಸ್ತ್ರ ಹುಡುಕಿ, ಒಂದರಲ್ಲೂ ಸಿಗದೆ, ತೋಳಿನಲ್ಲೇ ಮೂಗು ಒರೆಸಿಕೊಂಡ.

ವೆರ್ಲಾ ಟಾರ್ಪಾಲು ಸರಿಸಿದಳು. ಬೆಳಕು ಬಿತ್ತು. ಬಾಗಿಲಲ್ಲಿ ತೂಗುತ್ತಿದ್ದದ್ದು ಅಂಗಡಿಯಲ್ಲಿ ಸಿಗುವ ಮಾಮೂಲಿ ಕಪ್ಪು ಗೊಂಬೆ. ಕೈಯೂ ಇಲ್ಲ, ಮುಖವೂ ಇಲ್ಲ. ವೆಂಡೆಲ್ ತನ್ನ ಆಯುಷ್ಯವಿಡೀ ಹೊಡೆದದ್ದು ಅಂಥವಕ್ಕೇ.

"ಈ ಕೋಣೇಲಿ ನಾನು ಯಾವಾಗ್ಲೂ ಇದನ್ನೇ ನೇತುಹಾಕೋದು" ಅಂದಳು ವೆರ್ಲಾ. "ಮುಕ್ಕಾಲು ಪಾಲು ಜನ ಹೊಡೆದೇಬಿಡ್ತಾರೆ. ಅಭ್ಯಾಸ ನೋಡಿ." ಬೀಜದ ಸಿಪ್ಪೆ ಉಗಿಯಲು ಹೋಗಿ ಯಾಕೋ ನುಂಗಿಕೊಂಡಳು.

ಸಂಜೆ ಪಿಕಪ್ಪು ಕವಲುದಾರಿಗೆ ಬಂತು. ಎಡಕ್ಕೆ ಪಟ್ಟಣ, ಚಿಕ್ಕಮ್ಮನ ಮನೆ. ಬಲಕ್ಕೆ ಹೋದರೆ ತಮ್ಮ ಮನೆ. ಡಾರ್ಸಿ ಇನ್ನೂ ಏನೂ ಹೇಳಿರಲಿಲ್ಲ. ವೆಂಡೆಲ್ ಬ್ರೇಕು ಹಾಕಿ ನಿಲ್ಲಿಸಿದ. ಹಿಂದೆ ಮುಂದೆ ಒಂದು ಗಾಡಿಯೂ ಇರಲಿಲ್ಲ. ಅವನು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿ, ಕಣ್ಣು ರಸ್ತೆಯ ಮೇಲೇ ನೆಟ್ಟು, ಆ ಚಿಕ್ಕ ಕ್ಯಾಬಿನ್ನಿಗೆ ಬೇಕಾದ್ದಕ್ಕಿಂತ ಎಷ್ಟೋ ಜೋರಾಗಿ ಕೂಗಿದ.

"ಹೋಗ್ತಿದೀನಿ!"

ಎಂಜಿನ್ನು ಗುರುಗುಟ್ಟುತ್ತಿತ್ತು. ವೆಂಡೆಲ್ ಕಾದ. ಉತ್ತರ ಬರುವ ತನಕ ಕದಲಕೂಡದು ಅನ್ನುವುದು ಈಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಹೊತ್ತಾದರೂ ಕಾಯುವವನೇ.

"ಹೋಗು" ಅಂದಳು ಡಾರ್ಸಿ.

ಗಾಡಿ ಮುಂದೆ ಹೋಯಿತು. ಸ್ವಲ್ಪ ದೂರ ಹೋದ ಮೇಲೆ ಅವಳೇ ಅಂದಳು. "ಮೊದ್ಲು ಆ ಹಿಂದಿನ ಬಾಗಿಲಿಗೆ ಒಂದು ಬಲ್ಬ್ ಹಾಕ್ಸು."

"ಹಾಕಿದೀನಿ."

"ಯಾವಾಗ?"

"ನೀನು ಹೋದ್ಯಲ್ಲ, ಅವತ್ತೇ. ಆರಿಸೇ ಇಲ್ಲ. ಹಗಲೂ ಉರೀತಿರುತ್ತೆ, ನಿಮ್ಮಮ್ಮ ಬೈತಾನೇ ಇರ್ತಾಳೆ."

ಡಾರ್ಸಿ ಅಪ್ಪನ ಕಡೆ ತಿರುಗಿದಳು. "ಅಯ್ಯೋ ದೇವ್ರೇ, ಒಂದ್ ಫೋನ್ ಮಾಡಿ ಹೇಳ್ಬಾರ್ದಿತ್ತಾ?"

ವೆಂಡೆಲ್ ತಲೆಯಾಡಿಸಹೊರಟು ನಿಲ್ಲಿಸಿದ. "ಹೇಳ್ಬೇಕಿತ್ತು" ಅಂದ.

ದಿಬ್ಬ ಹತ್ತಿ ಇಳಿದಾಗ ಬಯಲಿನ ಆ ತುದಿಯಲ್ಲಿ ಮನೆ ಕಾಣಿಸಿತು, ಹಿಂದಿನ ಬಾಗಿಲ ಮೇಲೆ ದೀಪ ಉರಿಯುತ್ತಿತ್ತು.